ಮುಖ್ಯ ಧಾನ್ಯ ಯಾವುದು, ಜೋಳವೋ ಅಕ್ಕಿಯೋ?

ಮಾನ್ಯ ಸಂಪಾದಕರೇ,

ಜನಗಣತಿಯಲ್ಲಿ ‘ಮನೆಯಲ್ಲಿ ಬಳಸುವ ಮುಖ್ಯ ಧಾನ್ಯ ಯಾವುದು’ ಎಂಬ ಪ್ರಶ್ನೆಗೆ ನಮ್ಮ ಗದಗ ಕಡೆ ಒಂದೇ ಉತ್ತರ ಕೊಡುವುದು ಕಷ್ಟ. 2011ರಲ್ಲಿ ಇದು ಇರಲಿಲ್ಲ. ಆಗ ರೇಡಿಯೊ, ಟಿ.ವಿ., ಸೈಕಲ್ ಇದೆಯಾ ಎಂದು ಕೇಳಿ ಬರೆದುಕೊಂಡು ಹೋಗಿದ್ದರು. 2020ರ ಜನವರಿಯಲ್ಲಿ ಪ್ರಕಟವಾದ 31 ಪ್ರಶ್ನೆಗಳ ಪಟ್ಟಿಯಲ್ಲಿ ಧಾನ್ಯವೂ ಸೇರಿತು, ಅಷ್ಟರಲ್ಲಿ ಕೋವಿಡ್ ಬಂದು ಗಣತಿಯೇ ನಿಂತಿತು. 1931ರ ನಂತರ ಪೂರ್ತಿ ಲೆಕ್ಕ ಸಿಗದ ಜಾತಿಯ ಬಗ್ಗೆಯೇ ಈಗ ಎಲ್ಲರ ಮಾತು, ಊಟದ ಪ್ರಶ್ನೆ ಯಾರಿಗೂ ಬೇಡ!

ನಮ್ಮ ಮನೆಯಲ್ಲಿ ಮಧ್ಯಾಹ್ನ ಜೋಳದ ರೊಟ್ಟಿ, ರಾತ್ರಿ ರೇಷನ್ ಅಕ್ಕಿಯ ಅನ್ನ, ಮಕ್ಕಳಿಗೆ ಚಪಾತಿಯೇ ಆಗಬೇಕು. ಗಣತಿಗೆ ಬಂದವರು ಅವಸರದಲ್ಲಿದ್ದರೆ ಸುಮ್ನೆ ‘ಅಕ್ಕಿ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ, ಜೋಳ ಲೆಕ್ಕದಿಂದಲೇ ಹೊರಗೆ. ನಾಳೆ ಪಡಿತರದಲ್ಲಿ ಜೋಳ ಕೊಡಿ ಎಂದು ನಾವು ಕೇಳಿದರೆ ಇದೇ ಅಂಕಿ ನಮ್ಮ ಮುಂದೆ ಹಿಡಿಯಬಹುದು, ಅಲ್ವಾ?

ಎರಡು ಧಾನ್ಯ ಬರೆಯಲು ಅವಕಾಶ ಕೊಡಲಿ. ಅದಾಗದಿದ್ದರೆ ಜಾಸ್ತಿ ಖರ್ಚಾಗುವ ಹಿಟ್ಟು ಯಾವುದು, ಅಕ್ಕಿ ಎಷ್ಟು ಎಂದು ಕಟ್ಟೆ ಮೇಲೆ ಕೂತ ಯಜಮಾನರ ಬದಲು ಅಡುಗೆ ಮಾಡುವವರನ್ನೇ ಕೇಳುವಂತೆ ಗಣತಿದಾರರಿಗೆ ತರಬೇತಿಯಲ್ಲೇ ಹೇಳಲಿ.

– ಒಬ್ಬ ಓದುಗ, ಗದಗ