ಮಗಳಿಗೊಂದು ಪತ್ರ: ನಿಲ್ಲುವಷ್ಟು ಎತ್ತರದ ಕ್ಯಾಬಿನ್ ಬೇಡ
ಬೀದರ್, ಭಾನುವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ ಇದ್ದೀವಿ.

ನಾವೇ ಮನೆಯಲ್ಲಿ ಕಟ್ಟಿ ಇಲ್ಲಿಯ ಕಾರಂಜಾ ಜಲಾಶಯಕ್ಕೆ ಇಳಿಸಬೇಕೆಂದಿರುವ ದೋಣಿಗೆ ನೀನು ಕಳಿಸಿದ ಚಿತ್ರ ನೋಡಿದೆ. ಹದಿನೆಂಟು ಅಡಿ ಉದ್ದ, ನಿಂತು ಓಡಾಡುವಷ್ಟು ಎತ್ತರದ ಕ್ಯಾಬಿನ್, ಅದರ ಮೇಲೆ ಹತ್ತಿ ಕೂರಲು ಏಣಿ ಬೇರೆ! ಚಂದ ಇದೆ ತಾಯಿ, ಆದರೆ ನಮ್ಮ ಕೈಗೆ ಆಗುವಂಥದ್ದಲ್ಲ. ನಮ್ಮದು ಹದಿನಾಲ್ಕು ಅಡಿ ಉದ್ದ, ಐದು ಅಡಿ ಅಗಲ, ಚಪ್ಪಟೆ ತಳ. ಅಗಲ ಗೊತ್ತುಮಾಡಿದ್ದು ನಾನಲ್ಲ, ನಮ್ಮ ಮನೆ ಗೇಟು. ಅಂಗಳದಾಗ ಕಟ್ಟಿದ್ದು ಹೊರಗೆ ಹೋಗಬೇಕಲ್ಲ.

ಎತ್ತರದ ವಿಷಯಕ್ಕೆ ನಾನು ಸುಮ್ಮನೆ ಹಟ ಹಿಡಿದಿಲ್ಲ. ಹಳೆಯ ಲಗ್ನಪತ್ರಿಕೆಗಳ ರಟ್ಟು ಕತ್ತರಿಸಿ, ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ನಿನ್ನ ಚಿತ್ರದಂತೆಯೇ ಒಂದು ಮಾದರಿ ಮಾಡಿದೆ. ಮೇಣ ಹಚ್ಚಿ ಹಿತ್ತಲ ನೀರಿನ ಟಾಕಿಯಲ್ಲಿ ಬಿಟ್ಟೆ. ತಳದಲ್ಲಿ ನಾಣ್ಯಗಳನ್ನಿಟ್ಟಾಗ ಅಲುಗಾಡದೆ ನಿಂತಿತು. ಅವೇ ನಾಣ್ಯಗಳನ್ನು ಚಾವಣಿಯ ಮೇಲಿಟ್ಟು ಬೆರಳು ತಾಗಿಸಿದ್ದೇ ತಡ, ಪಕ್ಕಕ್ಕೆ ವಾಲಿ ಮಲಗಿಬಿಟ್ಟಿತು. ನಿಮ್ಮವ್ವ ನೋಡುತ್ತಿದ್ದಳು. ‘ಮ್ಯಾಲೆ ಕೂಡೋರು ಯಾರು, ನೀವೇ ಅಲ್ಲ?’ ಅಂದಳು.

ಮತ್ತೆ ಕಾರಂಜಾ ಅಂದರೆ ಬಯಲಿನ ನೀರು. ಮಳೆಗಾಲದ ಪಡುವಣ ಗಾಳಿ ಬೀಸಿದರೆ ಎತ್ತರದ ಕ್ಯಾಬಿನ್ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಕೂತರೆ ತಲೆ ತಾಗದಷ್ಟಿದ್ದರೆ ಸಾಕು. ಅಜ್ಜಿಗೆ ನೆರಳು, ಮಕ್ಕಳಿಗೆ ಬುತ್ತಿ ಬಿಚ್ಚುವ ಜಾಗ. ಹಿಂಬದಿ ಪೂರ್ತಿ ತೆರೆದಿರಬೇಕು, ಬಾಗಿಲು ಬೇಡವೇ ಬೇಡ. ದೋಣಿ ಮಗುಚಿದಾಗ ಮುಚ್ಚಿದ ಕ್ಯಾಬಿನ್‌ನಲ್ಲಿದ್ದವರನ್ನು ಲೈಫ್ ಜಾಕೆಟ್ಟೇ ಮೇಲಕ್ಕೆತ್ತಿ ಅಲ್ಲೇ ಒತ್ತಿ ಹಿಡಿಯುತ್ತದೆ, ಮುಳುಗಿ ಹೊರಬರಲೂ ಬಿಡುವುದಿಲ್ಲ. ಇದೊಂದರಲ್ಲಿ ನಿನ್ನ ಮಾತು ಕೇಳುವವನಲ್ಲ ನಾನು.

ಪ್ಲೈವುಡ್ಡು ಐಎಸ್ 710 (ಭಾರತೀಯ ಮಾನಕ) ಗುರುತಿನ ಮರೀನ್ ಪ್ಲೈ, ಅಂದರೆ ನೀರಿಗೆ ತಡೆಯುವಂಥದ್ದು, ಆಗಬೇಕು. ಅಂಗಡಿಯವರು ‘ವಾಟರ್‌ಪ್ರೂಫ್ ಅದಾ ಸರ್’ ಅಂತ ಕೊಟ್ಟ ತುಂಡೊಂದನ್ನು ನಿಮ್ಮವ್ವನ ಬೋಗುಣಿಯಲ್ಲಿ ಕುದಿಸಿದೆ. ಸಂಜೆಯೊಳಗೆ ಅಂಚು ಬಿಚ್ಚಿ ಪದರ ಪದರ ಎದ್ದಿತು. ಬೋಗುಣಿಗೆ ಅಂಟಿದ ವಾಸನೆಯ ಬಗ್ಗೆ ನಿಮ್ಮವ್ವನೇ ಫೋನಿನಲ್ಲಿ ಹೇಳುತ್ತಾಳೆ, ಕೇಳಿಕೋ. ಹಲಗೆಗಳ ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿದು, ಒಳಮೂಲೆಗೆ ಎಪಾಕ್ಸಿ ಅಂಟಿನಲ್ಲಿ ಕಲಸಿದ ಮರದ ಹಿಟ್ಟು ಮೆತ್ತಿ, ಮೇಲೆ ಫೈಬರ್ ಬಟ್ಟೆ ಅಂಟಿಸುವುದು. ನಮ್ಮ ಬಡಿಗ್ಯಾ ಮೊಳೆ ಇಲ್ಲದೆ ಹೆಂಗ ನಿಲ್ತದ ಅಂತ ಇನ್ನೂ ನಗುತ್ತಾನೆ.

ಪೆಟ್ರೋಲ್ ಎಂಜಿನ್ ಬೇಡ. ಬೀದರಿನವರು ಕುಡಿಯುವ ನೀರು ಅದು. 12 ವೋಲ್ಟಿನ ಬ್ಯಾಟರಿ ಮೋಟರು ಸಾಕು. ಅದು ಅರ್ಧ ವೇಗದಲ್ಲಿ 20 ಆಂಪಿಯರ್ ಎಳೆದರೆ, 100 ಆಂಪಿಯರ್-ಅವರ್ ಸಾಮರ್ಥ್ಯದ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಖಾಲಿ ಮಾಡಬಾರದಾದ್ದರಿಂದ, ಎರಡೂವರೆ ತಾಸು ಸಿಗುತ್ತದೆ. ಜೊತೆಗೆ ಎರಡು ಹುಟ್ಟು ಇರಲೇಬೇಕು. ಮೀನುಗಾರರ ಬಲೆ ಎಲ್ಲಿದೆಯೆಂದು ಮೊದಲೇ ಕೇಳಿಕೊಂಡು ಇಳಿಯಬೇಕು. ಅವರ ಹೊಟ್ಟೆಪಾಡಿನ ನಡುವೆ ನಮ್ಮದು ಶೋಕಿ.

ಪ್ಲೈ ಕೊಳ್ಳುವ ಮೊದಲು ಕಾಗದಪತ್ರದ ಕೆಲಸ. 1917ರ ಕಾಯ್ದೆಯ ಜಾಗದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ, ಯಂತ್ರ ಕೂಡಿಸಿದ ದೋಣಿಗೆ ತಪಾಸಣೆ, ನೋಂದಣಿ ಕೇಳುತ್ತದೆ. ಜಲಾಶಯದವರ ಒಪ್ಪಿಗೆ ಬೇರೆ. ಅವರು ಒಲ್ಲೆ ಅಂದರೆ ಮೋಟರು ಬಿಟ್ಟು ಬರೀ ಹುಟ್ಟಿನ ದೋಣಿಗೆ ಕೇಳೋಣ, ಅದಕ್ಕೂ ಒಲ್ಲೆ ಅಂದರೆ ಬೇರೆ ನೀರು ಹುಡುಕೋಣ. ಕದ್ದು ಇಳಿಸುವ ಮಾತಂತೂ ಇಲ್ಲ.

ಈಗ ನಿನ್ನ ಕೆಲಸ. ತಳ ಹನ್ನೊಂದು ಅಡಿ ಉದ್ದ, ನಾಲ್ಕು ಅಡಿ ಅಗಲ ನೀರಿಗೆ ತಾಗುತ್ತದೆ. ಅಂದರೆ ಒಂದು ಅಂಗುಲ ಮುಳುಗಿದರೆ ಸುಮಾರು ನೂರು ಕೆಜಿ ಹೊರುತ್ತದೆ. ದೋಣಿ, ಬ್ಯಾಟರಿ, ನಾವು ಐದಾರು ಮಂದಿ ಸೇರಿ ಅರ್ಧ ಅಡಿಯೊಳಗೆ ನಿಲ್ಲಬೇಕೆಂದು ನನ್ನ ಲೆಕ್ಕ. ಎಲ್ಲರ ತೂಕ ಬರೆದು ಕಳಿಸು, ಮಕ್ಕಳದ್ದೂ. ಅಳಿಯಂದಿರದ್ದು ತಕ್ಕಡಿ ಮೇಲೆ ನಿಲ್ಲಿಸಿ ನೀನೇ ನೋಡಿ ಬರಿ, ಅವರು ಬಾಯಲ್ಲಿ ಹೇಳಿದ್ದು ಬೇಡ.

ಇಂತಿ ನಿನ್ನ
ಅಪ್ಪ