ಯಾರು ಓದುತ್ತಾರೆ ಅಂತ ಕೇಳು, ಪುಟ್ಟಿ

ಸಾಗರ
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ರಾತ್ರಿ ನೀನು ಫೋನಿನಲ್ಲಿ ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ. ಕಥೆ ಬರೆಯೋದನ್ನು ಆನ್‌ಲೈನ್‌ನಲ್ಲಿ ಕಲಿಸುವ ಕೋರ್ಸ್, ಆರು ತಿಂಗಳು, 60,000 ರೂಪಾಯಿ. ಇವತ್ತು ರಾತ್ರಿಯೊಳಗೆ ಸೇರಿದರೆ 45,000. ಅವರ ಕಡೆಯ ಹುಡುಗ ಮೂರು ಸಲ ಫೋನ್ ಮಾಡಿದ ಅಂದೆ. ನಿನ್ನ ದೊಡ್ಡಪ್ಪ ಊಟಕ್ಕೆ ಕಾಯುತ್ತಿದ್ದರು, ಪೂರ್ತಿ ಮಾತಾಡಲು ಆಗಲಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದವಳೇ ಕೂತು ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ತಡವಾಗುತ್ತೆ. ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲೇ ಕಳಿಸುತ್ತೇನೆ.

ಮೊದಲನೇ ಮಾತು. ಇವತ್ತು ದುಡ್ಡು ಕಟ್ಟಬೇಡ. ರಾತ್ರಿ ಮುಗಿಯುವ ಆಫರ್ ಮುಂದಿನ ತಿಂಗಳು ಇನ್ನೊಂದು ಹೆಸರಿನಲ್ಲಿ ಬಂದೇ ಬರುತ್ತದೆ. ಬರದಿದ್ದರೂ ನಷ್ಟವಿಲ್ಲ. ಇನ್ನು ಆ ಹುಡುಗ ಹೇಳಿದ ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯಿಲ್ಲದ ತಿಂಗಳ ಕಂತು, ಇದೆಯಲ್ಲ, ಬಹಳ ಸಲ ಅದು ಸಾಲವೇ. ಫೈನಾನ್ಸ್ ಕಂಪನಿ ನಿನ್ನ ಹೆಸರಲ್ಲಿ ಸಾಲ ಕೊಡುತ್ತದೆ, ದುಡ್ಡು ನೇರವಾಗಿ ಕೋರ್ಸಿನವರಿಗೆ ಹೋಗುತ್ತದೆ. ಎರಡನೇ ತಿಂಗಳು ಕೋರ್ಸ್ ಹಿಡಿಸದೆ ಬಿಟ್ಟೆ ಅಂದುಕೋ. ಸಾಲ ಕೊಟ್ಟವರು ನಿನ್ನ ಕಂತು ಕೇಳುತ್ತಲೇ ಇರುತ್ತಾರೆ. ಕಟ್ಟದಿದ್ದರೆ, ಸಾಲ ಸರಿಯಾಗಿ ತೀರಿಸುತ್ತೀಯಾ ಅಂತ ಬ್ಯಾಂಕಿನವರು ನೋಡುವ ಸಿಬಿಲ್ ಸ್ಕೋರ್ ಕೆಡುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ ತೊಂದರೆ ನಿನಗೇ. ಖಾತೆಯಿಂದ ತಾನಾಗಿ ದುಡ್ಡು ಕಡಿತವಾಗುವ ಇಂಥ ಒಪ್ಪಂದಗಳ ಬಗ್ಗೆ ಎಚ್ಚರ ಅಂತ ಕೇಂದ್ರದ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರ್‌ನಲ್ಲಿ ಹೇಳಿತ್ತು.

ನನಗೇ ಆಗಿದ್ದು ಒಂದು ಹೇಳುತ್ತೇನೆ, ನಿನ್ನ ಅಮ್ಮನಿಗೂ ಗೊತ್ತಿಲ್ಲ. 1983ರಲ್ಲಿ ಹೈಸ್ಕೂಲಿಗೆ ಹೊಸದಾಗಿ ಟೀಚರ್ ಆಗಿ ಸೇರಿದ್ದೆ. ಅಂಚೆಯ ಮೂಲಕ ಕಥೆ ಬರೆಯಲು ಕಲಿಸುತ್ತೇವೆ ಅಂತ ಒಂದು ಜಾಹೀರಾತು ಕಣ್ಣಿಗೆ ಬಿತ್ತು. 85 ರೂಪಾಯಿ ಮನಿಆರ್ಡರ್ ಮಾಡಿದೆ. ಆಗ ಅದು ಸಣ್ಣ ದುಡ್ಡಲ್ಲ. ಆರು ತೆಳು ಪುಸ್ತಕ ಬಂದವು. ಕೊನೆಗೆ ನನ್ನ ಕಥೆ ಕಳಿಸಬೇಕಿತ್ತು. ಹನ್ನೊಂದು ಪುಟ, ರಾತ್ರಿ ಲಾಟೀನಿನ ಬೆಳಕಲ್ಲಿ ಎರಡು ಸಲ ತಿದ್ದಿ ಬರೆದು ಕಳಿಸಿದೆ. ತಿಂಗಳ ಮೇಲೆ ವಾಪಸ್ ಬಂತು. ಮೊದಲ ಪುಟದ ಮೇಲೆ ‘ಉತ್ತಮ’ ಅಂತ ರಬ್ಬರ್ ಸ್ಟಾಂಪ್. ಒಳಗೆ ಒಂದು ಗೀಟೂ ಇಲ್ಲ. ಪುಟಗಳನ್ನು ಸೇರಿಸಿ ನಾನು ಹೊಲಿದಿದ್ದ ದಾರ ಬಿಚ್ಚದೆ ಹಾಗೇ ಇತ್ತು. ಅವರು ಪುಟ ತಿರುವಿಯೂ ಇರಲಿಲ್ಲ.

ಅದೇ ಕಥೆಯನ್ನು ಆಮೇಲೆ ಒಂದು ವಾರಪತ್ರಿಕೆಗೆ ಕಳಿಸಿದೆ, ಅಂಚೆಚೀಟಿ ಹಚ್ಚಿದ ಲಕೋಟೆ ಜೊತೆಗಿಟ್ಟು. ಅಲ್ಲಿಂದಲೂ ವಾಪಸ್ ಬಂತು. ಆದರೆ ಮೂರನೇ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ‘ಮೊದಲ ಎರಡು ಪುಟ ನಿಮಗೆ ಬೇಕಿತ್ತು, ಓದುವವರಿಗೆ ಬೇಡ. ಅಜ್ಜಿ ಕೊಟ್ಟಿಗೆಯ ಬಾಗಿಲು ತೆಗೆಯುತ್ತಾಳಲ್ಲ, ಅಲ್ಲಿಂದ ಶುರು ಮಾಡಿ.’ ಅಷ್ಟೇ. ಸಹಿ ಕೂಡ ಇರಲಿಲ್ಲ. ಆ ಎರಡು ಸಾಲಿನಿಂದ ನಾನು ಕಲಿತದ್ದು ಆ ಆರು ಪುಸ್ತಕದಿಂದ ಕಲಿಯಲಿಲ್ಲ ಪುಟ್ಟಿ. ಆ ಪುಟ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ.

ಹಾಗಾಗಿ ಆ ಹುಡುಗ ಮತ್ತೆ ಫೋನ್ ಮಾಡಿದರೆ ಎಷ್ಟು ಗಂಟೆ ವಿಡಿಯೊ ಇದೆ ಅಂತ ಕೇಳಬೇಡ. ನಾನು ಬರೆದದ್ದನ್ನು ಯಾರು ಓದುತ್ತಾರೆ ಅಂತ ಕೇಳು. ಆರು ತಿಂಗಳಲ್ಲಿ ಎಷ್ಟು ಸಲ ಓದುತ್ತಾರೆ, ಎಷ್ಟು ಪುಟ ಓದುತ್ತಾರೆ? ಒಂದು ಬ್ಯಾಚಿನಲ್ಲಿ ಎಷ್ಟು ಜನ? ಮುನ್ನೂರು ಜನ ಅಂದರೆ ನಿನ್ನ ಪುಟಕ್ಕೆ ಯಾರಿಗೂ ಪುರುಸೊತ್ತು ಇರಲ್ಲ. ಟಿಪ್ಪಣಿ ಬರೆಯುವುದು ಮನುಷ್ಯರೋ ಯಂತ್ರವೋ, ಅದನ್ನೂ ಬಾಯಿಬಿಟ್ಟು ಕೇಳು. ಹೆಸರು ಅಳಿಸಿಯಾದರೂ ಸರಿ, ತಿದ್ದಿದ ಒಂದು ಪುಟ ತೋರಿಸಿ ಅನ್ನು. ನಿಜವಾಗಿ ತಿದ್ದುವವರ ಹತ್ತಿರ ಅಂಥ ಪುಟ ಬೇಕಾದಷ್ಟು ಇರುತ್ತದೆ. ಕಲಿಸುವವರ ಹೆಸರು ಕೇಳಿ, ಅವರು ಬರೆದದ್ದನ್ನು ಹುಡುಕಿ ಓದು. ನಿನಗೆ ಇಷ್ಟವಾಗದಿದ್ದರೆ ಅವರು ಎಷ್ಟು ದೊಡ್ಡವರಾದರೂ ನಿನ್ನ ಗುರು ಅಲ್ಲ. ದುಡ್ಡು ವಾಪಸ್ ಕೊಡುವ ನಿಯಮವನ್ನು ಮಾತಿನಲ್ಲಿ ಒಪ್ಪಬೇಡ, ಇಮೇಲ್‌ನಲ್ಲಿ ತರಿಸಿಕೋ.

‘ನಿನ್ನ ಕಥೆಯನ್ನು ನಮ್ಮ ಸಂಕಲನದಲ್ಲಿ ಹಾಕುತ್ತೇವೆ’ ಅಂದರೆ ಎಷ್ಟು ಪ್ರತಿ ನಾನೇ ಕೊಳ್ಳಬೇಕು ಅಂತ ಕೇಳಿಬಿಡು. ಅದು ಪುಸ್ತಕ ಮಾರುವ ಉಪಾಯವೋ ಅಲ್ಲವೋ ಅಲ್ಲಿಗೆ ಗೊತ್ತಾಗುತ್ತೆ.

ದುಡ್ಡು ಕೊಡುವ ಮುಂಚೆ ಒಂದೆರಡು ತಿಂಗಳು ದುಡ್ಡಿಲ್ಲದೆ ಕಲಿ. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಯವರು ಓಪನ್‌ಲರ್ನ್ ಅನ್ನುವ ತಾಣದಲ್ಲಿ ‘ಸ್ಟಾರ್ಟ್ ರೈಟಿಂಗ್ ಫಿಕ್ಷನ್’ ಅನ್ನುವ ಪಾಠ ಉಚಿತವಾಗಿ ಇಟ್ಟಿದ್ದಾರೆ. ಮೊದಲು ಅದನ್ನು ಮುಗಿಸು. ಅಷ್ಟು ಮಾಡಲೂ ಬೇಜಾರು ಬಂದರೆ 45,000 ಉಳಿಯಿತು ಅಂದುಕೋ. ಕೋರ್ಸೆರಾ ಅನ್ನುವ ಇನ್ನೊಂದು ತಾಣದಲ್ಲಿ ಅಮೆರಿಕದ ವೆಸ್ಲಿಯನ್ ಯೂನಿವರ್ಸಿಟಿಯ ಪಾಠಗಳಿವೆ. ಕಥೆಯ ಹೆಣಿಗೆಗೆ ಒಂದು, ಪಾತ್ರಕ್ಕೆ ಒಂದು, ವರ್ಣನೆಗೆ ಒಂದು, ಶೈಲಿಗೆ ಒಂದು. ಫೀ ಕಷ್ಟ ಅನ್ನುವವರು ರಿಯಾಯಿತಿಗೆ ಅರ್ಜಿ ಹಾಕಬಹುದು. ಆದರೆ ಅಲ್ಲಿ ನಿನ್ನ ಬರಹ ಓದುವುದು ಮೇಷ್ಟ್ರಲ್ಲ, ನಿನ್ನ ಹಾಗೇ ಸೇರಿದ ಇತರರು. ಕೆಲವರು ಮನಸ್ಸಿಟ್ಟು ಓದುತ್ತಾರೆ, ಕೆಲವರು ‘ನೈಸ್’ ಅಂತ ಬರೆದು ಹೋಗುತ್ತಾರೆ. ನಮ್ಮ ಕೇಂದ್ರ ಸರ್ಕಾರದ ‘ಸ್ವಯಂ’ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲೂ ಹುಡುಕಿ ನೋಡು. ಅಲ್ಲಿ ಪಾಠ ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಫೀ.

ಡಿಪ್ಲೊಮಾನೇ ಬೇಕು ಅಂತಿದ್ದರೆ ಇಗ್ನೋದಲ್ಲಿ, ಅಂದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ, ಇಂಗ್ಲಿಷ್ ಸೃಜನಶೀಲ ಬರವಣಿಗೆಗೆ ಒಂದಿದೆ. ಪಿಯುಸಿ ಆಗಿದ್ದರೆ ಸಾಕು. ದೂರಶಿಕ್ಷಣದ ಕೋರ್ಸ್ ಅದು. ಅಸೈನ್‌ಮೆಂಟ್ ಬರೆದು ಕೊಡಬೇಕು, ಅದನ್ನು ಒಬ್ಬರು ತಿದ್ದುತ್ತಾರೆ. ಅವರ ಪಠ್ಯವೆಲ್ಲ ಇ-ಜ್ಞಾನಕೋಶ ಅನ್ನುವ ಅವರದೇ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸೇರುವ ಮುಂಚೆಯೇ ಇಳಿಸಿಕೊಂಡು, ಸಣ್ಣಕಥೆಯ ಪಾಠ ಓದಿ, ಆಮೇಲೆ ತೀರ್ಮಾನ ಮಾಡು. ಡಿಗ್ರಿ ಡಿಪ್ಲೊಮಾ ಅಂತ ಯಾರೇ ಹೇಳಲಿ, ವಿಶ್ವವಿದ್ಯಾಲಯಗಳ ಮೇಲೆ ನಿಗಾ ಇಡುವ ಯುಜಿಸಿಯ ದೂರಶಿಕ್ಷಣ ವಿಭಾಗದ ತಾಣದಲ್ಲಿ ಆ ವಿಶ್ವವಿದ್ಯಾಲಯದ ಹೆಸರು ಈ ವರ್ಷದ ಪಟ್ಟಿಯಲ್ಲಿ ಇದೆಯಾ ನೋಡು. ಹಳೇ ಪಟ್ಟಿ ನಂಬಬೇಡ. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ 2015ರಲ್ಲಿ ಮಾನ್ಯತೆ ಹೋಗಿ 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ಎಷ್ಟು ಮಕ್ಕಳು ಒದ್ದಾಡಿದರು ಅಂತ ನಿನಗೂ ನೆನಪಿರಬಹುದು.

ಆದರೆ ನಿಜ ಹೇಳು, ನಿನಗೆ ಸರ್ಟಿಫಿಕೇಟ್ ಯಾಕೆ? ಕೆಲಸ ಬದಲಾಯಿಸಿ ಕಂಪನಿಗೆ ಕಂಟೆಂಟ್ ಬರೆಯುವ ಯೋಚನೆ ಇದ್ದರೆ ಅದು ಬೇರೆ ದಾರಿ, ಅದಕ್ಕೆ ಬೇರೆ ಕೋರ್ಸ್. ಕಥೆ ಬರೆಯಬೇಕು ಅಂತಿದ್ದರೆ ಯಾವ ಸಂಪಾದಕರೂ ಸರ್ಟಿಫಿಕೇಟ್ ಕೇಳುವುದಿಲ್ಲ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ನೀನು ಬರೆಯುವುದು ಕನ್ನಡದಲ್ಲಿ. ಮೇಲೆ ಹೇಳಿದ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕಥೆ ಎಲ್ಲಿ ಶುರುವಾಗಬೇಕು, ಯಾರ ಕಣ್ಣಿನಿಂದ ಹೇಳಬೇಕು, ಇದೆಲ್ಲ ಯಾವ ಭಾಷೆಯಲ್ಲಿ ಕಲಿತರೂ ಬಂದೀತು. ಆದರೆ ಮೆಜೆಸ್ಟಿಕ್‌ನಲ್ಲಿ ಕೊನೆ ಬಸ್ ತಪ್ಪಿದ ಹೆಂಗಸಿನ ಕಥೆ ಬರೆದಿದ್ದೀಯಲ್ಲ, ಅವಳು ತೀರ್ಥಹಳ್ಳಿಯವಳು. ಅವಳ ಬಾಯಲ್ಲಿ ಒಂದು ಕಡೆ ಅಪ್ಪಟ ಬೆಂಗಳೂರಿನ ಮಾತು ಬಂದುಬಿಟ್ಟಿದೆ. ಅದನ್ನು ನಿನಗೆ ಇಂಗ್ಲೆಂಡಿನವರು ಹೇಳಲಾರರು. ‘ಬಂದಳು’ ಅಂತ ಇರಬೇಕೋ ‘ಬಂದ್ಲು’ ಅಂತ ಇರಬೇಕೋ ಅಂತ ಕನ್ನಡ ಓದುವವರೇ ಹೇಳಬೇಕು. ಕನ್ನಡದ ಲೇಖಕರು ಆಗಾಗ ಜೂಮ್‌ನಲ್ಲಿ ಸಣ್ಣ ಕಮ್ಮಟ ನಡೆಸುತ್ತಾರೆ, ಹತ್ತು ಹದಿನೈದು ಜನರಿಗೆ. ಹೆಸರು ದೊಡ್ಡದಿರಲ್ಲ, ಫೀ ಕೂಡ ಜಾಸ್ತಿ ಇರಲ್ಲ. ನಾಲ್ಕೇ ವಾರ ಇದ್ದರೂ ಪರವಾಗಿಲ್ಲ, ನಿನ್ನ ಪುಟವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸುವಂಥದ್ದು ಸಿಕ್ಕರೆ ಅದಕ್ಕೆ ಸೇರು.

ಅಲ್ಲಿ ಗೆಳೆಯರೂ ಸಿಗುತ್ತಾರೆ. ಹೆಗ್ಗೋಡಿನ ನೀನಾಸಮ್ ಶಿಬಿರಕ್ಕೆ ಹೋದಾಗ ನನಗೆ ಇಬ್ಬರು ಗೆಳತಿಯರು ಸಿಕ್ಕಿದ್ದರು. ಶಿಬಿರದ ಮಾತುಗಳು ಅರ್ಧ ಮರೆತಿವೆ. ಆದರೆ ನಾವು ಮೂವರೂ ಇಪ್ಪತ್ತು ವರ್ಷ ಒಬ್ಬರ ಕಥೆ ಇನ್ನೊಬ್ಬರಿಗೆ ಅಂಚೆಯಲ್ಲಿ ಕಳಿಸಿ ತಿದ್ದಿಸಿಕೊಂಡೆವು. ನನ್ನ ಒಂದೊಂದು ಕಥೆಯಲ್ಲೂ ಅವರ ಕೈ ಇದೆ.

ಈಗಾಗಲೇ ಏನಾದರೂ ಮುಂಗಡ ಕಟ್ಟಿದ್ದರೆ ಮುಚ್ಚಿಡಬೇಡ, ಬೈಯುವುದಿಲ್ಲ. ವಾಪಸ್ ಬೇಕು ಅಂತ ಇವತ್ತೇ ಇಮೇಲ್ ಮಾಡು. ಸತಾಯಿಸಿದರೆ 1915ಕ್ಕೆ ಫೋನ್ ಮಾಡು, ಗ್ರಾಹಕರ ಸಹಾಯವಾಣಿ ಅದು.

ಬರುವ ಶನಿವಾರ ನಿನ್ನ ದೊಡ್ಡಪ್ಪ ಬೆಂಗಳೂರಿಗೆ ಬರುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ. ಬರುವಾಗ ಅವರ ಕೈಯಲ್ಲಿ ಆ ಬಸ್‌ಸ್ಟ್ಯಾಂಡ್ ಕಥೆ ಕೊಟ್ಟು ಕಳಿಸು. ಮೊಬೈಲಿನಲ್ಲಿ ಬೇಡ, ಪ್ರಿಂಟ್ ತೆಗೆಸು. ಸಾಲುಗಳ ನಡುವೆ ಜಾಗ ಬಿಡು, ಅಂಚಿನಲ್ಲೂ ಎರಡು ಬೆರಳು ಅಗಲ ಬಿಡು. ನನ್ನ ಹತ್ತಿರ ಪೆನ್ಸಿಲ್ ಇದೆ.

ನಿನ್ನ
ದೊಡ್ಡಮ್ಮ