ಹೆಸರು ತಿಳಿಯದ ಚರ್ಮದಾನಿಗಳಿಗೆ ನಮ್ಮ ಪ್ರಯೋಗಾಲಯದ ಕೃತಜ್ಞತೆ

ಸಿಂಗಪುರದ ಚೀನೀ, ಮಲಯ ಮತ್ತು ಭಾರತೀಯ ಮೂಲದ ದಾನಿಗಳ ಜೀವಕೋಶಗಳಿಂದ ನಾವು ಬೆಳೆಸಿದ ಚರ್ಮದ ಮಾದರಿಗಳು ಈಗ ನಮ್ಮ ತಂಡದ ಹೊರಗಿನ ಸಂಶೋಧಕರ ಬಳಕೆಗೂ ಸಿದ್ಧವಾಗಿವೆ. ಇದಕ್ಕಾಗಿ ಬಂದ ಅಭಿನಂದನೆಗಳಲ್ಲಿ ದೊಡ್ಡ ಪಾಲು ಯಾರಿಗೆ ಸಲ್ಲಬೇಕೋ ಅವರ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ನಮ್ಮ ಕೈಸೇರುವ ಪ್ರತಿ ಮಾದರಿಯ ಜೊತೆಗೆ ಬರುವುದು ಒಂದು ಸಂಕೇತ ಸಂಖ್ಯೆ, ದಾನಿಯ ವಯಸ್ಸು, ಲಿಂಗ, ಮೂಲ ಮತ್ತು ಚರ್ಮ ತೆಗೆದ ದೇಹಭಾಗದ ವಿವರ ಮಾತ್ರ. ಒಬ್ಬೊಬ್ಬರಿಗೂ ಪತ್ರ ಬರೆದು ವಂದಿಸುವ ದಾರಿ ಇಲ್ಲವಾದ್ದರಿಂದ ಎಲ್ಲರೂ ಓದಬಹುದಾದ ಈ ಬರಹವನ್ನು ಬರೆಯುತ್ತಿದ್ದೇನೆ.

ಶಸ್ತ್ರಚಿಕಿತ್ಸೆಗೆ ಬಂದವರ ಮನಸ್ಸು ತಮ್ಮ ದೇಹದ ಚಿಂತೆಯಲ್ಲೇ ಮುಳುಗಿರುತ್ತದೆ. ಅಂಥ ಹೊತ್ತಿನಲ್ಲಿ ಒಬ್ಬ ದಾದಿ ಪಕ್ಕದಲ್ಲಿ ಕುಳಿತು, ಚಿಕಿತ್ಸೆಯಲ್ಲಿ ಹೇಗೂ ತೆಗೆದುಹಾಕುವ ಹೆಚ್ಚುವರಿ ಚರ್ಮವನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದಾಗ, ಬೇಡವೆನ್ನಲು ಯಾರೂ ಕಾರಣ ಹೇಳಬೇಕಾಗಿಲ್ಲ. ಹೂಂ ಎಂದರೆ ಅವರಿಗೆ ಹಣವೂ ಸಿಗುವುದಿಲ್ಲ, ಏಕೆಂದರೆ ಸಿಂಗಪುರದ 2015ರ ಮಾನವ ಜೀವವೈದ್ಯಕೀಯ ಸಂಶೋಧನಾ ಕಾಯ್ದೆಯು ಮಾನವ ಅಂಗಾಂಶದ ವ್ಯಾಪಾರವನ್ನು ನಿಷೇಧಿಸಿದೆ. ಇಷ್ಟಿದ್ದೂ ಪುಟಗಟ್ಟಲೆ ಇರುವ ಒಪ್ಪಿಗೆ ಪತ್ರವನ್ನು ಓದಿ ಸಹಿ ಹಾಕಿದವರ ಉದಾರತೆಯನ್ನು ನಾನು ಸಣ್ಣದೆಂದು ಎಂದೂ ಎಣಿಸಲಾರೆ.

ಅವರ ಕೊಡುಗೆ ಎಷ್ಟು ಮುಖ್ಯವೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಹೆಚ್ಚುತ್ತದೆ ಎಂದು 2006ರಲ್ಲಿ ತಿಳಿದುಬಂದಾಗ, ಯುರೋಪಿಯನ್ನರಲ್ಲಿ ಸಾಮಾನ್ಯವಾದ ಎರಡು ದೋಷಗಳು ಎಲ್ಲರ ಗಮನ ಸೆಳೆದವು. ಮುಂದೆ ಸಿಂಗಪುರದ ಚೀನೀ ಮೂಲದ ರೋಗಿಗಳನ್ನು ಪರೀಕ್ಷಿಸಿದಾಗ ಅದೇ ಜೀನ್‌ನಲ್ಲಿ ಬೇರೆ ಬೇರೆ ದೋಷಗಳ ದೊಡ್ಡ ಗುಂಪೇ ಕಂಡುಬಂತು. ಯುರೋಪಿನ ಆ ಎರಡನ್ನಷ್ಟೇ ಹುಡುಕುವ ಪರೀಕ್ಷೆಯನ್ನು ಇಲ್ಲಿ ಬಳಸಿದ್ದರೆ ಎಷ್ಟೋ ರೋಗಿಗಳ ವಿಷಯದಲ್ಲಿ ದೋಷವೇ ಇಲ್ಲವೆಂಬ ಉತ್ತರ ಬರುತ್ತಿತ್ತು. ಬಣ್ಣದ ವಿಷಯವೂ ಹೀಗೆಯೇ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತುಂಬಿದ ಕಣಗಳು ಬಿಳಿ ಚರ್ಮದಲ್ಲಿ ಚಿಕ್ಕದಾಗಿ ಗುಂಪುಗೂಡಿರುತ್ತವೆ, ಕಪ್ಪು ಚರ್ಮದಲ್ಲಿ ದೊಡ್ಡದಾಗಿ ಬಿಡಿಬಿಡಿಯಾಗಿ ಹರಡಿರುತ್ತವೆ. ಬಂಗು, ಮೊಡವೆ ಮಾಗಿದ ಮೇಲೆ ಉಳಿಯುವ ಕಪ್ಪು ಕಲೆ, ಗಾಯದ ಜಾಗದಲ್ಲಿ ಏಳುವ ಕೀಲಾಯ್ಡ್ ಎಂಬ ಗಟ್ಟಿ ಉಬ್ಬು, ಇವುಗಳಿಗೆ ಔಷಧ ಹುಡುಕುವವರು ಬಿಳಿ ಚರ್ಮದ ಮಾದರಿಯ ಮೇಲಷ್ಟೇ ಪ್ರಯೋಗ ಮಾಡಿದರೆ ಸಿಗುವ ಉತ್ತರವೂ ಅರ್ಧವೇ ಆಗಿರುತ್ತದೆ.

ಹಾಗೆಂದು ಏಷ್ಯಾದ ಚರ್ಮ ಎಂಬುದೊಂದು ಇದೆಯೆಂದೂ ನಾನು ನಂಬುವುದಿಲ್ಲ. ಭಾರತೀಯ ಮೂಲದವರೆಂದು ಬರೆಸಿದ ಇಬ್ಬರ ನಡುವಿನ ಬಣ್ಣದ ಅಂತರ, ಎರಡು ಬೇರೆ ಮೂಲದವರ ನಡುವಿನ ಅಂತರಕ್ಕಿಂತ ಹೆಚ್ಚಿರಬಹುದು. ಆದ್ದರಿಂದಲೇ ಮೂಲವನ್ನು ಬರೆದುಕೊಂಡು ಸುಮ್ಮನಾಗದೆ ಬಣ್ಣವನ್ನು ಉಪಕರಣದಿಂದ ಅಳೆದು ದಾಖಲಿಸುತ್ತೇವೆ. ನವಜಾತ ಗಂಡುಮಕ್ಕಳ ಮುಂದೊಗಲಿನಿಂದ ಪಡೆದ ಕೋಶಗಳು ಚೆನ್ನಾಗಿ ಬೆಳೆಯುವುದರಿಂದ ಪ್ರಯೋಗಾಲಯಗಳಲ್ಲಿ ಅವುಗಳ ಬಳಕೆ ಹೆಚ್ಚು. ಮಧ್ಯವಯಸ್ಸಿನ ಮಹಿಳೆಯರ ಮುಖದ ಬಂಗನ್ನು ಅರಿಯಲು ಅವು ಸಾಲುವುದಿಲ್ಲ. ವಯಸ್ಸಾದ ದಾನಿಗಳಿಗೆ, ಅದರಲ್ಲೂ ಮಹಿಳೆಯರಿಗೆ, ನಾವು ವಿಶೇಷವಾಗಿ ಋಣಿಗಳಾಗಿರುವುದು ಈ ಕಾರಣಕ್ಕೆ.

ಮಾನವ ಚರ್ಮದ ಹೊರಪದರವನ್ನು ಕಟ್ಟುವ ಕೆರಟಿನೋಸೈಟ್ ಕೋಶಗಳನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸುತ್ತ ಹೋಗುವ ವಿಧಾನವನ್ನು ಜೇಮ್ಸ್ ರೈನ್‌ವಾಲ್ಡ್ ಮತ್ತು ಹಾವರ್ಡ್ ಗ್ರೀನ್ 1975ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಬೆಳೆದ ಕೆಲಸದ ಮೇಲೆಯೇ ನಾವು ನಿಂತಿದ್ದೇವೆ. ಆಸ್ಪತ್ರೆಯಿಂದ ತಣ್ಣನೆಯ ದ್ರಾವಣದಲ್ಲಿ ಬಂದ ಚರ್ಮವನ್ನು ನಮ್ಮ ತಂತ್ರಜ್ಞರು ಕೊಬ್ಬು ತೆಗೆದು, ಕಿಣ್ವದಲ್ಲಿ ರಾತ್ರಿಯಿಡೀ ನೆನೆಸಿ, ಹೊರಪದರವನ್ನು ಒಳಪದರದಿಂದ ಬಿಡಿಸುತ್ತಾರೆ. ಒಳಪದರಕ್ಕೆ ಆಧಾರ ಕೊಡುವ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಕೊಲಾಜೆನ್ ಎಂಬ ಪ್ರೋಟೀನಿನಲ್ಲಿ ಹರಡಿ, ಅದರ ಮೇಲೆ ಕೆರಟಿನೋಸೈಟ್‌ಗಳನ್ನೂ ಬಣ್ಣ ಕೊಡುವ ಮೆಲನೋಸೈಟ್‌ಗಳನ್ನೂ ಕೂರಿಸುತ್ತಾರೆ. ಕೆಲವು ದಿನ ದ್ರವದಲ್ಲಿ ಮುಳುಗಿಸಿಟ್ಟ ನಂತರ ಮೇಲ್ಮೈಯನ್ನು ಗಾಳಿಗೆ ಒಡ್ಡಿ, ಆಹಾರವನ್ನು ಕೆಳಗಿನಿಂದ ಮಾತ್ರ ಉಣಿಸುತ್ತ ಹೋದರೆ ಸುಮಾರು ಎರಡು ವಾರಗಳಲ್ಲಿ ಕೋಶಗಳು ಪದರ ಪದರವಾಗಿ ಏರಿ, ಮೇಲೆ ಒಣ ಹೊದಿಕೆಯೊಂದು ಕಟ್ಟಿಕೊಳ್ಳುತ್ತದೆ. ಕಪ್ಪು ಚರ್ಮದ ದಾನಿಯ ಕೋಶಗಳಿಂದ ಬೆಳೆದ ತುಣುಕು ಬರಿಗಣ್ಣಿಗೂ ಕಪ್ಪಾಗಿ ಕಾಣತೊಡಗುವ ಆ ದಿನಗಳು ನನಗೆ ಈಗಲೂ ಹಿಗ್ಗು ತರುತ್ತವೆ. ಕೋಶಗಳಿಗೆ ರಜೆ ಎಂಬುದಿಲ್ಲ. ಹಬ್ಬದ ದಿನವೂ ಬಂದು ಪೋಷಕ ದ್ರವ ಬದಲಾಯಿಸಿ ಹೋದ ನಮ್ಮ ತಂತ್ರಜ್ಞರಿಗೆ, ಅವರನ್ನು ಕಳುಹಿಸಿಕೊಟ್ಟ ಅವರ ಮನೆಯವರಿಗೆ ನಾನು ಮನಸಾರೆ ವಂದಿಸುತ್ತೇನೆ.

ಈ ಮಾದರಿಗಳಲ್ಲಿ ರಕ್ತನಾಳವಿಲ್ಲ, ಬೆವರಿನ ಗ್ರಂಥಿಯಿಲ್ಲ, ಕೂದಲಿಲ್ಲ. ದೇಹದ ರೋಗನಿರೋಧಕ ಕೋಶಗಳನ್ನು ಇವುಗಳೊಳಗೆ ಸೇರಿಸುವ ಕೆಲಸ ಇನ್ನೂ ಮುಂದಿದೆ. ಆದರೂ ಒಂದು ರಾಸಾಯನಿಕ ಚರ್ಮವನ್ನು ಕೆರಳಿಸುವುದೇ ಎಂದು ಪ್ರಾಣಿಗಳನ್ನು ಬಳಸದೆ ತಿಳಿಯಲು ಹೀಗೆ ಬೆಳೆಸಿದ ಹೊರಪದರದ ಅಂಗಾಂಶಗಳನ್ನು ಬಳಸಬಹುದೆಂದು ಒಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿಗಾಗಿ ಇರುವ ಅಂತರರಾಷ್ಟ್ರೀಯ ಸಂಘಟನೆ) 2010ರ ಮಾರ್ಗಸೂಚಿ ಒಪ್ಪಿದೆ, ಮತ್ತು ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನಗಳ ಮಾರಾಟವನ್ನು ಯುರೋಪಿಯನ್ ಒಕ್ಕೂಟ 2013ರಲ್ಲಿ ಪೂರ್ಣವಾಗಿ ನಿಲ್ಲಿಸಿದ ಮೇಲೆ ಇವುಗಳ ಅಗತ್ಯ ಇನ್ನಷ್ಟು ಹೆಚ್ಚಿದೆ.

ಶಸ್ತ್ರಚಿಕಿತ್ಸಕರಿಗೆ, ಅಂಗಾಂಶ ಕೆಡುವ ಮೊದಲೇ ತಂದು ತಲುಪಿಸಿದ ಸಿಬ್ಬಂದಿಗೆ, ನಮ್ಮ ಅರ್ಜಿಗಳನ್ನು ಸಾಲುಸಾಲಾಗಿ ಓದಿ ತಿದ್ದಿಸಿದ ನೀತಿ ಸಮಿತಿಯ ಸದಸ್ಯರಿಗೆ ಕೃತಜ್ಞತೆಗಳು. ದಾದಿಯರಿಗೆ ಎಷ್ಟು ಹೇಳಿದರೂ ಕಡಿಮೆಯೇ, ಏಕೆಂದರೆ ದಾನಿಗಳ ನಂಬಿಕೆಯನ್ನು ಗಳಿಸಿದವರು ಅವರು.

ಕೊನೆಯದಾಗಿ, ಒಪ್ಪದೇ ಹೋದವರನ್ನೂ ಇಲ್ಲಿ ನೆನೆಯಬೇಕು. ನನ್ನ ಕೋಶಗಳು ಎಷ್ಟು ವರ್ಷ ಉಳಿಯುತ್ತವೆ, ಬೇರೆ ದೇಶಕ್ಕೆ ಹೋಗುತ್ತವೆಯೇ, ಮುಂದೆ ಮನಸ್ಸು ಬದಲಾದರೆ ಹಿಂಪಡೆಯಬಹುದೇ ಎಂದು ಅವರು ಕೇಳಿದ ಪ್ರಶ್ನೆಗಳನ್ನು ದಾದಿಯರು ಬರೆದುಕೊಂಡು ನಮಗೆ ತಲುಪಿಸಿದರು. ಈಗಿನ ಒಪ್ಪಿಗೆ ಪತ್ರದ ಮೊದಲ ಪುಟದಲ್ಲೇ ಆ ಪ್ರಶ್ನೆಗಳಿಗೆ ನೇರವಾದ ಉತ್ತರಗಳಿವೆ. ಬೇಡವೆಂದು ಹೇಳುವ ಮೊದಲು ಅಷ್ಟು ಹೊತ್ತು ಕುಳಿತು ಕೇಳಿದ ಅವರಿಗೂ ನಮ್ಮ ತಂಡದ ನಮಸ್ಕಾರಗಳು.